196 ಮತ್ತು 197

2023ರ ಜುಲೈ 5, ಬುಧವಾರ. ಹಿಂದಿನ ರಾತ್ರಿಯಿಂದ ಬಿಡದೆ ಹೊಡೆಯುತ್ತಿದ್ದ ಮಳೆಗೆ ಎಲ್ಲೋ ಒಂದು ಅಡಿಕೆಮರ ತಂತಿಯ ಮೇಲೆ ಮುರಿದುಬಿದ್ದು ನಮ್ಮ ಕಡೆಗೆಲ್ಲ ಕರೆಂಟು ಹೋಗಿತ್ತು. ನನ್ನ ಮೊಬೈಲಿನಲ್ಲಿ ಉಳಿದಿದ್ದ ಚಾರ್ಜು ಶೇಕಡಾ ಒಂಬತ್ತು. ಸಿ.ಎ. ಇಂಟರ್‌ಮೀಡಿಯೆಟ್ ಪರೀಕ್ಷೆಯ ಫಲಿತಾಂಶ ಬರುವ ದಿನ ಅದು. ಆ ಒಂಬತ್ತನ್ನು ನಂಬಿ ಮನೆಯಲ್ಲಿ ಕೂರಲಾರದೆ ಕೊಡೆ ಹಿಡಿದು ಬದಿಯಡ್ಕ ಪೇಟೆಯ ಅಕ್ಷಯ ಕೇಂದ್ರಕ್ಕೆ, ಅಂದರೆ ಕೇರಳ ಸರಕಾರದ ಆನ್‌ಲೈನ್ ಸೇವೆಗಳ ಕೇಂದ್ರಕ್ಕೆ, ಹೋದೆ. ಅಲ್ಲಿ ಇನ್ವರ್ಟರ್ ಇತ್ತು. ರೇಶನ್ ಕಾರ್ಡಿನ ತಿದ್ದುಪಡಿಗೆಂದು ಬಂದ ಮೂವರು ನನಗಿಂತ ಮುಂದೆ ಕೂತಿದ್ದರು. ಕಂಪ್ಯೂಟರಿನ ಮುಂದಿದ್ದ ಹುಡುಗಿ ನನ್ನ ಮುಖ ನೋಡಿ, ಏನು ತುರ್ತು ಎಂದು ಮಲಯಾಳದಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಕುರ್ಚಿ ಬಿಟ್ಟುಕೊಟ್ಟಳು.

ಪುಟ ಮೂರು ಸಲ ಅರ್ಧಕ್ಕೇ ನಿಂತು, ನಾಲ್ಕನೆಯ ಸಲಕ್ಕೆ ತೆರೆದುಕೊಂಡಿತು. ನಾನು ಮೊದಲು ನೋಡಿದ್ದು ಕಾಸ್ಟಿಂಗನ್ನು, ಅಂದರೆ ವೆಚ್ಚದ ಲೆಕ್ಕಶಾಸ್ತ್ರದ ಪತ್ರಿಕೆಯನ್ನು: 41. ಮೇ ತಿಂಗಳಲ್ಲಿ ಆ ಪತ್ರಿಕೆ ಬರೆದು ಮಂಗಳೂರಿನಿಂದ ಹಿಂತಿರುಗುವಾಗ, ರೈಲು ನೇತ್ರಾವತಿ ಸೇತುವೆ ದಾಟುವ ಹೊತ್ತಿಗೆ ನಾನು ಬೆರಳೆಣಿಸಿ ಹಾಕಿಕೊಂಡಿದ್ದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಆಮೇಲೆ ಉಳಿದವುಗಳ ಕಡೆ ಕಣ್ಣು ಹೋಯಿತು: ಅಕೌಂಟಿಂಗ್ 58, ಕಾನೂನು 47, ತೆರಿಗೆ 50. ಮೊದಲ ಗ್ರೂಪಿನ ಮೊತ್ತ 196 ಎಂದಿತ್ತು. ಪಾಸಾಗಲು ಬೇಕಾದದ್ದು 200. ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಅದರ ಪಕ್ಕದಲ್ಲೇ ‘ಪಾಸ್’ ಎಂದು ಬರೆದಿದ್ದುದನ್ನು ನಂಬಲು ನನಗೆ ಅರ್ಧ ನಿಮಿಷವಾದರೂ ಹಿಡಿದಿರಬೇಕು.

ಈ ಅರ್ಧ ನಿಮಿಷದ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಪರೀಕ್ಷೆಯಲ್ಲಿ ಪ್ರತಿ ಪತ್ರಿಕೆಯಲ್ಲೂ ಕನಿಷ್ಠ 40 ಅಂಕ ಬರಬೇಕು, ಗ್ರೂಪಿನ ಮೊತ್ತ ಶೇಕಡಾ 50 ಮುಟ್ಟಬೇಕು. ಆಗಿನ ಪಠ್ಯಕ್ರಮದಲ್ಲಿ ಗ್ರೂಪಿಗೆ ನಾಲ್ಕು ಪತ್ರಿಕೆಗಳಿದ್ದುದರಿಂದ ಗೆರೆ 200ರಲ್ಲಿತ್ತು. ಆದರೆ ಎರಡೂ ಗ್ರೂಪುಗಳನ್ನು ಒಂದೇ ಸಲಕ್ಕೆ ಬರೆದವರು ಯಾವ ಪತ್ರಿಕೆಯಲ್ಲೂ 40ಕ್ಕಿಂತ ಕೆಳಗಿಳಿಯದೆ ಎಂಟೂ ಪತ್ರಿಕೆಗಳ ಒಟ್ಟು ಮೊತ್ತದಲ್ಲಿ 400 ಮುಟ್ಟಿದರೆ ಸಾಕಿತ್ತು, ಒಂದು ಗ್ರೂಪಿನ ಕೊರತೆಯನ್ನು ಇನ್ನೊಂದರ ಹೆಚ್ಚಳ ತುಂಬುತ್ತಿತ್ತು. ನನಗೆ ಎರಡನೆಯ ಗ್ರೂಪಿನಲ್ಲಿ 219 ಬಂದಿತ್ತು; ಒಟ್ಟು 415. ಕಾಸ್ಟಿಂಗಿನಲ್ಲಿ ಎರಡು ಅಂಕ ಕಡಿಮೆಯಾಗಿದ್ದರೆ ಈ ತುಂಬುವಿಕೆ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ನನ್ನ ಗೆಳತಿಯ ಮನೆ ಉಪ್ಪಳದಲ್ಲಿ. ನಾನು ಕುಂಬಳೆಯಲ್ಲಿ ರೈಲು ಹತ್ತಿದರೆ ಮುಂದೆ ಅವಳೂ ಹತ್ತುತ್ತಿದ್ದಳು. ಮಂಗಳೂರಿನ ಕೋಚಿಂಗಿಗೆ ಹೀಗೆ ಒಂದೂವರೆ ವರ್ಷ ಸೀಸನ್ ಟಿಕೇಟಿನಲ್ಲಿ ಓಡಾಡಿದವರು ನಾವು. ಇಬ್ಬರೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದವರಾದ್ದರಿಂದ ಕಾನೂನಿನ ಪತ್ರಿಕೆ ಇಬ್ಬರಿಗೂ ಕಬ್ಬಿಣದ ಕಡಲೆ. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯಬೇಕೇ ಹೊರತು ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ಸೆಕ್ಷನ್‌ಗಳನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುವ ಕೆಲಸ ಮಂಜೇಶ್ವರದಿಂದ ತೊಕ್ಕೊಟ್ಟಿನವರೆಗೆ ದಿನವೂ ನಡೆಯುತ್ತಿತ್ತು. ನನಗಿಂತ ಅವಳೇ ಶಿಸ್ತಿನವಳು. ಕಾಸ್ಟಿಂಗನ್ನು ನನಗೆ ಹೇಳಿಕೊಟ್ಟವಳೂ ಅವಳೇ.

ಆ ಫೆಬ್ರವರಿಯಲ್ಲಿ ಅರ್ಜಿ ತುಂಬುವಾಗ ಅವಳು ಮೊದಲ ಗ್ರೂಪಿಗೆ ಮಾತ್ರ ಗುರುತು ಹಾಕಿದಳು. ಕ್ಲಾಸಿನ ಮೇಷ್ಟರೊಬ್ಬರು ಹಿಂದಿನ ನವೆಂಬರಿನ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು: ಮೊದಲ ಗ್ರೂಪ್ ಶೇ. 21.19, ಎರಡನೆಯ ಗ್ರೂಪ್ ಶೇ. 24.44, ಎರಡೂ ಒಟ್ಟಿಗೆ ಬರೆದವರಲ್ಲಿ ಎರಡನ್ನೂ ಪಾಸಾದವರು ಶೇ. 12.72. ಮೊದಲ ಸಲದವರು ಈ ಹನ್ನೆರಡರ ಬಾಗಿಲಿಗೆ ಹೋಗಿ ತಲೆ ಚಚ್ಚಿಕೊಳ್ಳಬಾರದು ಎಂಬುದು ಅವರ ಸಲಹೆ. ನಾನು ಎರಡಕ್ಕೂ ಗುರುತು ಹಾಕಿದ್ದು ಧೈರ್ಯದಿಂದಲ್ಲ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ಇದೇ ಪಾಡು ಪಡಬೇಕಲ್ಲ ಎಂಬ ಉದಾಸೀನದಿಂದ, ಅದೂ ನಮ್ಮ ಊರಿನವರು ಆ ಪದಕ್ಕೆ ಕೊಡುವ ಸೋಮಾರಿತನವೆಂಬ ಅರ್ಥದಲ್ಲಿ.

ಆ ಅಂಕಿಗಳನ್ನು ನಾನು ನಿಧಾನವಾಗಿ ನೋಡಿದ್ದು ಫಲಿತಾಂಶದ ಸಂಜೆ. 21.19ನ್ನೂ 24.44ನ್ನೂ ಗುಣಿಸಿದರೆ ನೂರಕ್ಕೆ ಐದು ಚಿಲ್ಲರೆ ಬರುತ್ತದೆ. ಎರಡು ಗ್ರೂಪುಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಎರಡನ್ನೂ ಒಟ್ಟಿಗೆ ದಾಟುವವರು ಸುಮಾರು ಅಷ್ಟೇ ಇರಬೇಕಿತ್ತು. ಇದ್ದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಎರಡೂ ಬರೆಯುವವರಲ್ಲಿ ಚೆನ್ನಾಗಿ ತಯಾರಾದವರು ಹೆಚ್ಚಿರಬಹುದು, ಕೊರತೆ ತುಂಬುವ ನಿಯಮದ ಪಾಲೂ ಇರಬಹುದು. ಯಾವುದು ಎಷ್ಟು ಎಂದು ಆ ಮೂರು ಅಂಕಿಗಳಿಂದ ಬಿಡಿಸಲಾಗದು. ಆದರೆ ಹನ್ನೆರಡು ಎಂಬುದು ಎರಡು ಹೊಳೆ ದಾಟಿದವರ ಲೆಕ್ಕ, ಇಪ್ಪತ್ತೊಂದು ಎಂಬುದು ಒಂದೇ ಹೊಳೆಯದು. ಅವೆರಡನ್ನು ಪಕ್ಕಪಕ್ಕ ನಿಲ್ಲಿಸಿ ಯಾವುದು ಸುಲಭ ಎಂದು ಕೇಳುವುದೇ ತಪ್ಪು ಎಂದು ನನಗನ್ನಿಸಿತು. ಅಷ್ಟೇ ಅಲ್ಲ, ಆ ಶೇಕಡಾವಾರಿನಲ್ಲಿ ಮೊದಲ ಸಲ ಬರೆದವರೂ ಐದನೆಯ ಸಲ ಬರೆದವರೂ ಒಂದೇ ರಾಶಿಯಲ್ಲಿ ಬೆರೆತಿರುತ್ತಾರೆ. ಮೊದಲ ಪ್ರಯತ್ನದ ಸಾಧ್ಯತೆ ಎಷ್ಟು ಎಂದು ಕೇಳುವವರಿಗೆ ಆ ರಾಶಿ ಉತ್ತರ ಕೊಡುವುದಿಲ್ಲ; ಆದರೂ ಕ್ಲಾಸುಗಳಲ್ಲಿ ಎಲ್ಲರೂ ತೋರಿಸುವುದು ಅದನ್ನೇ. ನಮ್ಮ ಸಲ ಎರಡೂ ಗ್ರೂಪ್ ಬರೆದ 39,195 ಮಂದಿಯಲ್ಲಿ ಎರಡನ್ನೂ ಪಾಸಾದವರು 4,014, ಅಂದರೆ ಶೇ. 10.24.

ಅಕ್ಷಯ ಕೇಂದ್ರದ ಮೆಟ್ಟಿಲಲ್ಲೇ ಅವಳ ಫೋನು ಬಂತು. ‘ನೂರ ತೊಂಬತ್ತೇಳು’ ಎಂದಳು. 55, 44, 52, 46. ಎಲ್ಲವೂ ನಲವತ್ತರ ಮೇಲೆ, ಕಾಸ್ಟಿಂಗಿನಲ್ಲಿ ನನಗಿಂತ ಹನ್ನೊಂದು ಹೆಚ್ಚು, ಆದರೂ ಫೇಲು. ಒಂದು ಪತ್ರಿಕೆಯಲ್ಲಿ 60 ಬಂದಿದ್ದರೆ ಅದಕ್ಕೆ ಎಕ್ಸೆಂಪ್ಶನ್ ಸಿಕ್ಕಿ ಮುಂದಿನ ಮೂರು ಸಲ ಅದನ್ನು ಬಿಟ್ಟು ಬರೆಯಬಹುದಿತ್ತು. 55ಕ್ಕೆ ಅದೂ ಇಲ್ಲ, ನಾಲ್ಕನ್ನೂ ಮತ್ತೆ ಬರೆಯಬೇಕು. ಅವಳು ಅಳಲಿಲ್ಲ. ನಿನ್ನದೆಷ್ಟು ಎಂದು ಕೇಳಿದಳು. ಪಾಸು ಎಂದೆ. ಮೊದಲ ಗ್ರೂಪಿನಲ್ಲಿ ಎಷ್ಟು ಎಂದು ಕೇಳಿದಾಗ ಸುಳ್ಳು ಹೇಳಬೇಕೆನ್ನಿಸಿತು, ಹೇಳಲಾಗಲಿಲ್ಲ. 196 ಎಂದ ಮೇಲೆ ಬಹಳ ಹೊತ್ತು ಎರಡೂ ಕಡೆಯ ಮಳೆಯ ಸದ್ದಷ್ಟೇ ಕೇಳಿಸುತ್ತಿತ್ತು. ಆಮೇಲೆ ಚಾರ್ಜು ಮುಗಿದು ಫೋನು ಸತ್ತಿತು. ನಾನೇ ಕಡಿದೆ ಎಂದು ಅವಳು ಅಂದುಕೊಂಡಿರಬಹುದೆಂಬ ಭಯ ಮರುದಿನದವರೆಗೂ ನನ್ನನ್ನು ಕೊರೆಯಿತು.

ಅಷ್ಟರಲ್ಲಿ ಅಪ್ಪ ಅಡಿಕೆ ಮಂಡಿಯಲ್ಲಿ ಸುದ್ದಿ ಹೇಳಿಯಾಗಿತ್ತು. ವಾರದೊಳಗೆ ದಿನಪತ್ರಿಕೆಯ ಕಾಸರಗೋಡು ಪುಟದಲ್ಲಿ ನನ್ನ ಪಾಸ್‌ಪೋರ್ಟ್ ಅಳತೆಯ ಫೋಟೋ ಬಂತು. ‘ಪ್ರಥಮ ಪ್ರಯತ್ನದಲ್ಲೇ ಉತ್ತೀರ್ಣ’ ಎಂಬುದು ದಪ್ಪ ಅಕ್ಷರದಲ್ಲಿತ್ತು. ಮದುವೆಮನೆಗಳಲ್ಲಿ ನೆಂಟರು ತಮ್ಮ ಮಕ್ಕಳನ್ನು ಮುಂದೆ ನಿಲ್ಲಿಸಿ ಗುಟ್ಟೇನು ಎಂದು ಕೇಳಿದರು. ಅರ್ಜಿಯಲ್ಲಿ ಎರಡು ಕಡೆ ಗುರುತು ಹಾಕಿದ್ದು ಎಂದರೆ ತಮಾಷೆ ಎಂದು ನಕ್ಕರು.

ಆಗಸ್ಟಿನಲ್ಲಿ ಅವಳು ಮತ್ತೆ ಅರ್ಜಿ ತುಂಬಬೇಕಾದಾಗ ನನ್ನನ್ನು ಕರೆದಳು. ನನ್ನ ಗುಣಾಕಾರವನ್ನೆಲ್ಲ ಅವಳಿಗೆ ತೋರಿಸಿದೆ. ಎರಡೂ ಬರೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಆಗಲಿಲ್ಲ. ಕಾಸ್ಟಿಂಗಿನಲ್ಲಿ 41 ತೆಗೆದವರ ಸಲಹೆಗೆ ಬೆಲೆಯೆಷ್ಟು ಎಂಬ ಸಂಕೋಚ ಅಡ್ಡ ಬಂತು. ಅವಳು ಸ್ವಲ್ಪ ಹೊತ್ತು ಕಾಗದ ನೋಡಿ, ಎರಡಕ್ಕೂ ಗುರುತು ಹಾಕಿದಳು. ಆ ನವೆಂಬರಿನಲ್ಲಿ ಎರಡೂ ಗ್ರೂಪ್ ಬರೆದು ಪಾಸಾದವರು ನಮ್ಮ ಸಲಕ್ಕಿಂತಲೂ ಕಡಿಮೆ, ಶೇ. 9.73. ಅವರಲ್ಲಿ ಅವಳೂ ಇದ್ದಳು, ಎರಡು ಗ್ರೂಪುಗಳಲ್ಲೂ 200ರ ಮೇಲೆ. ನಿಯಮದ ಹಂಗು ಅವಳಿಗೆ ಬೇಕಾಗಲಿಲ್ಲ.

2024ರ ಜನವರಿಯಲ್ಲಿ ಅದೇ ಪುಟದಲ್ಲಿ ಅವಳ ಫೋಟೋವೂ ಬಂತು. ಸುದ್ದಿ ಎರಡೇ ಸಾಲು, ಪ್ರಯತ್ನದ ಮಾತೇ ಇರಲಿಲ್ಲ. ಅದನ್ನು ನನಗೆ ತೋರಿಸುತ್ತಾ, ಎರಡನೆಯ ಗ್ರೂಪಿನ ಮಟ್ಟಿಗೆ ತನ್ನದೂ ಫಸ್ಟ್ ಅಟೆಂಪ್ಟೇ ಅಲ್ಲವಾ ಎಂದು ಕೇಳಿದಳು.