ಟಿವಿ ಪಕ್ಕದ ಕಂಪ್ಯೂಟರ್‌ಗೆ ಯಾವ ಬೋರ್ಡ್ ತಗೊಳ್ಳಲಿ?

"ಟಿವಿಗೆ ಹಾಕೋಕೆ ಪುಟ್ಟದೊಂದು ಕಂಪ್ಯೂಟರ್ ಮಾಡ್ಕೋಬೇಕು, ಯಾವ ಮದರ್‌ಬೋರ್ಡ್ ಬೆಸ್ಟು?" ಮದುವೆಮನೆಯಲ್ಲಿ, ಆಫೀಸಿನ ಲಿಫ್ಟಿನಲ್ಲಿ, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಇದೇ ಪ್ರಶ್ನೆ. ಇನ್ನು ಬಾಯಲ್ಲಿ ಹೇಳುವುದಿಲ್ಲ, ಇಲ್ಲೇ ಓದಿಕೊಳ್ಳಿ.

ಇಂಟೆಲ್ ಎನ್100 ಚಿಪ್ ಕೂರಿಸಿಕೊಂಡೇ ಬರುವ ಮಿನಿ ಐಟಿಎಕ್ಸ್ ಬೋರ್ಡ್ ತಗೊಳ್ಳಿ. 17 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಪ್ರೊಸೆಸರ್ ಬೇರೆ ಕೊಳ್ಳಬೇಕಿಲ್ಲ. 8 ಜಿಬಿ ರ‍್ಯಾಮ್ ಸಾಕು. ಎಚ್‌ಡಿಎಂಐನಲ್ಲಿ 4ಕೆ 60 ಹರ್ಟ್ಸ್ ಬರುತ್ತದೆಯೇ ಅಂತ ನೋಡಿಕೊಳ್ಳಿ, ಅಷ್ಟೇ.

ಇಷ್ಟು ಹೇಳಿದರೆ "ಬರೀ ನಾಲ್ಕು ಕೋರಾ?" ಅಂತ ಮುಖ ಸಿಂಡರಿಸುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಸಿನಿಮಾ ಓಡಿಸುವುದು ಕೋರ್‌ಗಳಲ್ಲ ಸ್ವಾಮಿ, ಗ್ರಾಫಿಕ್ಸ್ ಒಳಗೆ ಕುಗ್ಗಿಸಿಟ್ಟ ವಿಡಿಯೋ ಬಿಡಿಸುವುದಕ್ಕೆ ಅಂತಲೇ ಇರುವ ಭಾಗ. 2023ರಲ್ಲಿ ಬಂದ ಎನ್100ಗೆ ಎಚ್.264, 10 ಬಿಟ್ ಎಚ್‌ಇವಿಸಿ, ವಿಪಿ9, ಎವಿ1 ಹೀಗೆ ವಿಡಿಯೋ ಕುಗ್ಗಿಸಿಡುವ ವಿಧಾನಗಳೆಲ್ಲವೂ ಗೊತ್ತು. ಯೂಟ್ಯೂಬಿನ 4ಕೆ ಬರುವುದು ವಿಪಿ9 ಅಥವಾ ಎವಿ1ನಲ್ಲಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ ಯಾರಾದರೂ "ಅದೇ ಥರದ್ದೇ ಸಾರ್, ರೇಟು ಕಮ್ಮಿ" ಅಂತ ಇಂಟೆಲ್‌ನ ಹಳೇ ಜೆ4125 ಚಿಪ್ಪಿನ ಬೋರ್ಡ್ ಮುಂದಿಟ್ಟರೆ ಬೇಡ ಅನ್ನಿ, ಅದಕ್ಕೆ ಎವಿ1 ಬರುವುದಿಲ್ಲ.

ಒಬ್ಬ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಆದಮೇಲೆ ಅವರ ಮಗ ತಾನು ಜೋಡಿಸಿದ ಪೆಟ್ಟಿಗೆ ತೋರಿಸಿದ. ಬೋರ್ಡು ಪುಟ್ಟದೇ. ಆದರೆ ಅದರ ಮೇಲೆ 65 ವ್ಯಾಟ್ ಪ್ರೊಸೆಸರ್, ಪಕ್ಕದಲ್ಲಿ 550 ವ್ಯಾಟ್ ಎಸ್‌ಎಂಪಿಎಸ್, ಅಂದರೆ ಕರೆಂಟ್ ಕೊಡುವ ಡಬ್ಬಿ. ಸಿನಿಮಾದಲ್ಲಿ ತಾಯಿ ಮಗ ಮೆಲ್ಲಗೆ ಮಾತಾಡುತ್ತಿದ್ದರೆ ಮಿಕ್ಸಿ ತಿರುಗಿದ ಹಾಗೆ ಫ್ಯಾನ್ ಸದ್ದು. "ಯಾವ ಫ್ಯಾನ್ ಹಾಕಲಿ ಮಾಮ?" ಅಂದ. ಫ್ಯಾನೇ ಬೇಡ ಕಣೋ ಅಂದೆ. ಅವನಿಗೆ ಬೇಜಾರಾಯಿತು, ಆದರೆ ನಾನು ಹೇಳಿದ್ದು ಸರಿಯೇ. ಬರೀ ಹೀಟ್‌ಸಿಂಕಿನಲ್ಲೇ (ಶಾಖ ಹೊರಹಾಕುವ ಲೋಹದ ತುಂಡು) ನಡೆಯುವ ಎನ್100 ಬೋರ್ಡುಗಳು ಸಿಗುತ್ತವೆ. ಆ ದೊಡ್ಡ ಎಸ್‌ಎಂಪಿಎಸ್ ಕೂಡ ದಂಡ. ಎಸ್‌ಎಂಪಿಎಸ್ ಎಷ್ಟು ಕರೆಂಟ್ ದಂಡ ಮಾಡುತ್ತದೆ ಅಂತ ಅಳೆಯುವ ಸಾಮಾನ್ಯ 80 ಪ್ಲಸ್ ಪರೀಕ್ಷೆ ಶುರುವಾಗುವುದೇ 20% ಲೋಡಿನಿಂದ, ಅಂದರೆ 550ರಲ್ಲಿ 110 ವ್ಯಾಟ್. ನಮ್ಮ ಪೆಟ್ಟಿಗೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಏಸ್‌ರಾಕ್‌ನ ಎನ್100ಡಿಸಿ-ಐಟಿಎಕ್ಸ್ ಥರದ ಬೋರ್ಡಿಗೆ ಲ್ಯಾಪ್‌ಟಾಪ್ ಥರದ 19 ವೋಲ್ಟ್ ಅಡಾಪ್ಟರ್ ನೇರವಾಗಿ ಚುಚ್ಚಬಹುದು.

ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎನ್100 ಮೇಲೆ ಬರೆದಿರುವ 6 ವ್ಯಾಟ್ ಬರೀ ಚಿಪ್ಪಿನದು; ರ‍್ಯಾಮ್, ಡಿಸ್ಕ್, ಅಡಾಪ್ಟರ್ ತಿನ್ನುವುದು ಬೇರೆ. ಆದರೂ ಹಗಲೂ ರಾತ್ರಿ ಆನ್ ಇರುವ ಕಂಪ್ಯೂಟರ್ 50 ವ್ಯಾಟ್ ಕಮ್ಮಿ ತಿಂದರೆ ತಿಂಗಳಿಗೆ 36 ಯೂನಿಟ್ ಉಳಿಯುತ್ತದೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ನಾನು ಮನೆಯಲ್ಲಿ ಇಲ್ಲದಾಗ ಅಮ್ಮ ಇದರಲ್ಲಿ ಸಿನಿಮಾ ಹೇಗೆ ಹಾಕಿಕೊಳ್ಳುತ್ತಾರೆ? ಇದನ್ನು ಕೇಳಿ, ಒಂದು ಗಂಟೆ ಕೂತು ಹೇಳುತ್ತೇನೆ. ಟಿವಿ ರಿಮೋಟಿನಲ್ಲೇ ಪೆಟ್ಟಿಗೆಯೂ ನಡೆಯಬೇಕಾದರೆ ಎಚ್‌ಡಿಎಂಐ ತಂತಿಯಲ್ಲೇ ರಿಮೋಟಿನ ಆಜ್ಞೆ ಕಳಿಸುವ ಸಿಇಸಿ ಬೇಕು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲಿ ಅದು ಇದೆ, ಹೆಚ್ಚಿನ ಪಿಸಿ ಬೋರ್ಡುಗಳಲ್ಲಿ ಇಲ್ಲ. ಹಾಗಂತ ಪೈ 5ಕ್ಕೆ ಓಡಬೇಡಿ, ಅದರಲ್ಲಿ ಎಚ್.264 ಬಿಡಿಸುವ ಹಾರ್ಡ್‌ವೇರ್ ತೆಗೆದುಹಾಕಿದ್ದಾರೆ, ಆ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಬೋರ್ಡಿಗೆ ಒಂದು ಯುಎಸ್‌ಬಿ ಐಆರ್ ರಿಸೀವರ್ (ರಿಮೋಟಿನ ಸಿಗ್ನಲ್ ಹಿಡಿಯುವ ಕಡ್ಡಿ) ಚುಚ್ಚಿ, ಯಾವುದಾದರೂ ಹಳೇ ರಿಮೋಟನ್ನು ಅದಕ್ಕೆ ಹೊಂದಿಸಿಕೊಡಿ. ವಿಂಡೋಸ್ ಬದಲು ಲಿಬ್ರೆಎಲೆಕ್ ಅನ್ನುವ ಪುಟ್ಟ ಲಿನಕ್ಸ್ ಹಾಕಿದರೆ ಆನ್ ಆದ ಕೂಡಲೇ ನೇರ ಕೋಡಿ (ಸಿನಿಮಾ ಹಾಕುವ ಆ್ಯಪ್) ಬರುತ್ತದೆ. ಕೀಬೋರ್ಡ್, ಪಾಸ್‌ವರ್ಡ್ ಏನೂ ಬೇಡ. ನೆಟ್‌ಫ್ಲಿಕ್ಸಿನ 4ಕೆ ಲಿನಕ್ಸಿನಲ್ಲಿ ಬರುವುದಿಲ್ಲ, ಅದಕ್ಕೆ ಟಿವಿಯ ಆ್ಯಪ್ ಇದೆಯಲ್ವಾ. ಈ ಪೆಟ್ಟಿಗೆ ಇರುವುದು ಮನೆಯಲ್ಲಿರುವ ವಿಡಿಯೋಗಳಿಗೆ. ಅಕ್ಕನ ಮದುವೆ ಡಿವಿಡಿ ಹಾಕಿದಾಗ ಓಡಾಡುವವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಕೋಡಿಯಲ್ಲಿ ಆ ಗೆರೆ ಅಳಿಸುವ ಡಿಇಂಟರ್‌ಲೇಸ್ ಆನ್ ಮಾಡಿ.

ಇನ್ನೊಂದು. ಬೋರ್ಡಿನ ಒಳ ಸೆಟ್ಟಿಂಗುಗಳ ಪುಟವಾದ ಬಯೋಸ್‌ನಲ್ಲಿ, ಕರೆಂಟ್ ಹೋಗಿ ಬಂದಾಗ ತಾನಾಗೇ ಆನ್ ಆಗುವ ಸೆಟ್ಟಿಂಗ್ ಇರುತ್ತದೆ. ಆಫ್ ಆಗಿದ್ದರೆ ಮೊದಲ ದಿನವೇ ಆನ್ ಮಾಡಿಡಿ. ಮಂಡಿ ನೋವಿರುವ ಅಮ್ಮ ಟಿವಿ ಸ್ಟ್ಯಾಂಡಿನ ಹಿಂದೆ ಬಗ್ಗಿ ಬಟನ್ ಹುಡುಕುವ ಹಾಗೆ ಆಗಬಾರದು.