ಚೆಕ್ ನಿಲ್ಲುವ ಮನೆ

ಮೂರು ವರ್ಷಗಳ ಹಿಂದೆ ಭಾನುವಾರದ ಚದುರಂಗ ಪಂದ್ಯವೊಂದರ ಕೊನೆಯಲ್ಲಿ ನನ್ನ ಬಳಿ ಆನೆ ಮತ್ತು ಒಂದು ಕಾಲಾಳು ಉಳಿದಿದ್ದವು, ಎದುರಾಳಿಯ ಬಳಿ ಆನೆ ಮಾತ್ರ ಇತ್ತು. ನನ್ನ ರಾಜ ಜಿ8ರಲ್ಲಿ, ಕಾಲಾಳು ಜಿ7ರಲ್ಲಿ (ಹಲಗೆಯ ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು). ರಾಜ ದಾರಿ ಬಿಟ್ಟರೆ ಮರುನಡೆಗೆ ಕಾಲಾಳು ಕೊನೆಯ ಸಾಲು ಮುಟ್ಟಿ ಮಂತ್ರಿ. ಆದರೆ ರಾಜ ಹೊರಗೆ ಕಾಲಿಟ್ಟಾಗಲೆಲ್ಲ ಎದುರಾಳಿಯ ಆನೆ ಚೆಕ್ ಕೊಡುತ್ತಿತ್ತು (ರಾಜನ ಮೇಲೆ ನೇರ ದಾಳಿ), ನಾನು ಮತ್ತೆ ಜಿ8ಕ್ಕೇ ಮರಳುತ್ತಿದ್ದೆ. ಸ್ಥಿತಿ ಮೂರು ಬಾರಿ ಮರುಕಳಿಸಿ ಆಟ ಡ್ರಾ ಆಯಿತು.

ಮನೆಗೆ ಬಂದು ಹುಡುಕಿದಾಗ ಅದು ಗೆಲ್ಲಬಹುದಾದ ಲುಸೆನಾ ಸ್ಥಿತಿ ಎಂದು ತಿಳಿಯಿತು. ಹೆಸರು ಹಾಗಿದ್ದರೂ, ಸ್ಪೇನಿನ ಚದುರಂಗ ಲೇಖಕ ಲುಸೆನಾನ 1497ರ ಪುಸ್ತಕದಲ್ಲಿ ಈ ಸ್ಥಿತಿಯೇ ಇಲ್ಲ. ಅದು ಸಿಗುವುದು ಇಟಲಿಯ ಚದುರಂಗ ಲೇಖಕ ಸಾಲ್ವಿಯೋ 1634ರಲ್ಲಿ ಪ್ರಕಟಿಸಿದ ಕೃತಿಯಲ್ಲಿ. ಗೆಲುವಿನ ಕ್ರಮವನ್ನು ಅಂದೇ ಬಾಯಿಪಾಠ ಮಾಡಿದೆನಾದರೂ, ಅದು ಏಕೆ ಹಾಗೆ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ, ಬೇರೆಯೇ ಒಂದು ಸಮಸ್ಯೆಯನ್ನು ಬಿಡಿಸುವಾಗ.

ಆ ಸಮಸ್ಯೆ ಚದುರಂಗದವರಿಗೆಲ್ಲ ಚಿರಪರಿಚಿತವಾದ ಸಾವೇದ್ರ ಸ್ಥಿತಿ. ಬಿಳಿಯ ರಾಜ ಬಿ6ರಲ್ಲಿ, ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ1ರಲ್ಲಿ, ಆನೆ ಡಿ5ರಲ್ಲಿ. ಬಿಳಿಯ ನಡೆ. ಇದರ ಮೂಲ 1875ರಲ್ಲಿ ಫೆಂಟನ್ ಮತ್ತು ಪಾಟರ್ ಆಡಿದ ಒಂದು ಆಟ. ಗ್ಲ್ಯಾಸ್ಗೋದ ಪತ್ರಿಕೆಯೊಂದರಲ್ಲಿ ಅಂಕಣ ಬರೆಯುತ್ತಿದ್ದ ಬಾರ್ಬಿಯರ್ 1895ರಲ್ಲಿ ಇದರ ಒಂದು ರೂಪವನ್ನು ಕಪ್ಪು ಆಡಿ ಡ್ರಾ ಮಾಡುತ್ತದೆ ಎಂದೇ ಪ್ರಕಟಿಸಿದರು. ಅದೇ ಊರಿನಲ್ಲಿ ನೆಲೆಸಿದ್ದ ಫರ್ನಾಂಡೊ ಸಾವೇದ್ರ ಎಂಬ ಸ್ಪೇನಿನ ಪಾದ್ರಿ ಬಿಳಿಗೆ ಗೆಲುವಿದೆ ಎಂದು ತೋರಿಸಿಕೊಟ್ಟರು. ಚದುರಂಗದ ಚರಿತ್ರೆಯಲ್ಲಿ ಅವರ ಹೆಸರು ಉಳಿದಿರುವುದು ಆ ಒಂದೇ ನಡೆಯಿಂದ.

ನಾನು ಉತ್ತರ ನೋಡದೆ, ಕಂಪ್ಯೂಟರ್ ತೆರೆಯದೆ, ಅಣ್ಣನ ಮಗನನ್ನು ಕಪ್ಪು ಕಾಯಿಗಳ ಕಡೆ ಕೂರಿಸಿಕೊಂಡು ಆಡಿದೆ. ಕಾಲಾಳನ್ನು ಸಿ7ಕ್ಕೆ ತಳ್ಳಿದೆ. ಅವನು ಡಿ6ರಿಂದ ಚೆಕ್ ಕೊಟ್ಟ. ರಾಜ ಬಿ7ಕ್ಕೆ ಹೋದರೆ ಆನೆ ಡಿ7ಕ್ಕೆ ಬಂದು ಕಾಲಾಳನ್ನು ಕಟ್ಟಿಹಾಕುತ್ತದೆ. ಸಿ5ಕ್ಕೆ ಹೋದರೆ ಆನೆ ಡಿ1ಕ್ಕೆ ಇಳಿದು, ಮಂತ್ರಿ ಹುಟ್ಟಿದೊಡನೆ ಸಿ1ರಿಂದ ಚೆಕ್ ಕೊಟ್ಟು ಅದನ್ನು ಕಬಳಿಸುತ್ತದೆ. ಆದ್ದರಿಂದ ಬಿ5, ಮತ್ತೆ ಚೆಕ್, ಬಿ4, ಮತ್ತೆ ಚೆಕ್, ಬಿ3, ಮತ್ತೆ ಚೆಕ್, ಕೊನೆಗೆ ಸಿ2. ಅಲ್ಲಿಗೆ ಚೆಕ್‌ಗಳು ಮುಗಿದವು. ಡಿ1 ಕೂಡ ಈಗ ನನ್ನ ರಾಜನ ಕಾವಲಿನಲ್ಲಿತ್ತು. ಹುಡುಗ ಬಹಳ ಹೊತ್ತು ಯೋಚಿಸಿ ಆನೆಯನ್ನು ಡಿ4ಕ್ಕೆ ಇಟ್ಟ. ನಾನು ಸಿ8ರಲ್ಲಿ ಮಂತ್ರಿಯನ್ನು ಮಾಡಿಕೊಂಡೆ, ಅವನು ಸಿ4ರಿಂದ ಚೆಕ್ ಕೊಟ್ಟ. ಆ ಆನೆಯನ್ನು ಹೊಡೆದರೆ ಸ್ಟೇಲ್‌ಮೇಟ್, ಅಂದರೆ ಕಪ್ಪು ರಾಜನಿಗೆ ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ. ಮಂತ್ರಿಯ ಬದಲು ಆನೆಯನ್ನೇ ಮಾಡಿಕೊಂಡಿದ್ದರೆ ಎ8ರಿಂದ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಚೆಕ್) ಬೆದರಿಕೆ ಹುಟ್ಟುತ್ತಿತ್ತು. ಅದನ್ನು ತಡೆಯಲು ಕಪ್ಪು ಆನೆ ಎ4ಕ್ಕೆ ಬಂದಾಗ ರಾಜ ಬಿ3ಕ್ಕೆ ಸರಿದರೆ, ಆ ಆನೆಯ ಮೇಲೂ ದಾಳಿ, ಸಿ1ರಿಂದ ಮೇಟ್ ಕೂಡ. ಇದು ಹೊಳೆಯಲು ನನಗೆ ಎರಡು ಸಂಜೆ ಬೇಕಾಯಿತು.

ಎಲ್ಲರೂ ಕೊಂಡಾಡುವುದು ಸಾವೇದ್ರ ಕಂಡ, ಕಾಲಾಳಿನಿಂದ ಹುಟ್ಟುವ ಆ ಆನೆಯನ್ನು. ನನ್ನ ಮನಸ್ಸನ್ನು ಹಿಡಿದದ್ದು ಮಾತ್ರ ಅದಕ್ಕೂ ಮುಂಚಿನ ರಾಜನ ಇಳಿತ. ಚೆಕ್ ಬಿದ್ದಾಗ ರಾಜ ತನ್ನ ಕಾಲಾಳಿನ ಬಳಿಗೆ ಓಡಿ ಅಡಗುವುದಿಲ್ಲ. ಅದರಿಂದ ದೂರವಾಗುತ್ತ, ಚೆಕ್ ಕೊಡಲಾಗದ ಮನೆಯತ್ತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಲುಸೆನಾ ಸ್ಥಿತಿಯಲ್ಲೂ ನಡೆಯುವುದು ಇದೇ. ಮೊದಲು ಆನೆಯನ್ನು ಇ1ರಿಂದ ಇ4ಕ್ಕೆ ಏರಿಸಿ ಇಡಬೇಕು. ಆಮೇಲೆ ರಾಜ ಎಫ್7, ಜಿ6, ಎಫ್6, ಜಿ5 ಎಂದು ಇಳಿಯುತ್ತ ಬಂದಾಗ ಕೊನೆಯ ಚೆಕ್‌ಗೆ ಆನೆ ಜಿ4ಕ್ಕೆ ಬಂದು ಅಡ್ಡ ನಿಲ್ಲುತ್ತದೆ. ಸಾವೇದ್ರದಲ್ಲಿ ಚೆಕ್ ನಿಲ್ಲುವ ಮನೆ ಹಲಗೆಯಲ್ಲಿ ಮೊದಲೇ ಇದೆ, ಲುಸೆನಾದಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕು. ಆ ಭಾನುವಾರ ನಾನು ಮನೆ ಕಟ್ಟದೆಯೇ ರಾಜನನ್ನು ಹೊರಡಿಸಿದ್ದೆ, ಚೆಕ್ ಬಿದ್ದೊಡನೆ ಹಿಂದಕ್ಕೆ ಕರೆದುಕೊಂಡಿದ್ದೆ.

ಈಗ ಯಾವ ಆನೆಯಾಟದ ಅಂತ್ಯದಲ್ಲೂ ಕಾಲಾಳನ್ನು ಮುಟ್ಟುವ ಮೊದಲು ನನ್ನ ರಾಜನಿಗೆ ಚೆಕ್ ಎಲ್ಲಿ ನಿಲ್ಲುತ್ತದೆ ಎಂದು ಬೆರಳಿನಿಂದ ಮನೆ ಎಣಿಸುತ್ತೇನೆ. ಹುಡುಗ ಎದುರಿಗೆ ಕೂತು, ನನ್ನ ಎಣಿಕೆ ಮುಗಿಯುವವರೆಗೆ ಕಾಯುತ್ತಾನೆ.