ಪೈಲಟ್‌ಗೆ ಯೂನಿಯನ್ ಯಾಕೆ ಅಂತ ಕೇಳ್ತಿದ್ದವನು ನಾನೇ

ನಮ್ಮಪ್ಪ ಸರ್ಕಾರಿ ಬಸ್ ಡ್ರೈವರ್ ಆಗಿದ್ದರು. 31 ವರ್ಷ ಸ್ಟೇರಿಂಗ್ ಹಿಡಿದರು, ಅದರಲ್ಲಿ 28 ವರ್ಷ ಯೂನಿಯನ್ ಚಂದಾ ಕಟ್ಟಿದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಊಟಕ್ಕೆ ಕೂತಾಗ ಕೇಳಿದರು: "ನಿಮ್ಮಲ್ಲಿ ಯೂನಿಯನ್ ಇದೆಯೇನೋ?" ನನಗೆ ನಗು ಬಂತು. "ಅಪ್ಪಾ, ಅದೆಲ್ಲ ಫ್ಯಾಕ್ಟರಿಗೆ, ಡಿಪೋಗೆ. ನಮಗೆ ಯಾಕೆ?" ಅಂದೆ. ಅವರು ಇನ್ನೊಂದು ಚೂರು ಮುದ್ದೆ ಮುರಿದುಕೊಂಡು ಸುಮ್ಮನಾದರು. ಆ ಸುಮ್ಮನಿರುವಿಕೆಯ ಅರ್ಥ ನನಗೆ ಗೊತ್ತಾಗಿದ್ದು ಆರು ವರ್ಷ ಆದಮೇಲೆ, ಅಹಮದಾಬಾದ್‌ನಲ್ಲಿ.

ಆವಾಗ ನಾನು ಒಂದು ಖಾಸಗಿ ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಹೆಸರು ಬೇಡ. ಜನವರಿ ತಿಂಗಳು. ಬೆಂಗಳೂರು–ದೆಹಲಿ, ದೆಹಲಿ–ಅಹಮದಾಬಾದ್, ಅಹಮದಾಬಾದ್–ಬೆಂಗಳೂರು, ಮೂರು ಸೆಕ್ಟರ್, ಅಂದರೆ ಮೂರು ಹಾರಾಟ, ಮಧ್ಯಾಹ್ನ ಒಂದೂವರೆಗೆ ಮುಗಿಯಬೇಕು. ಪೇಪರ್ ಮೇಲೆ ಆರಾಮದ ಡ್ಯೂಟಿ. ಆದರೆ ಬೆಳಗ್ಗೆ ನಾಲ್ಕೂಕಾಲಿಗೆ ಏರ್‌ಪೋರ್ಟ್‌ನಲ್ಲಿ ರಿಪೋರ್ಟ್ ಮಾಡಬೇಕು ಅಂದರೆ ಮೂರಕ್ಕೆ ಕ್ಯಾಬ್, ಎರಡೂಕಾಲಿಗೆ ಅಲಾರಾಂ. ಹಿಂದಿನ ದಿನ ರಾತ್ರಿ ಎಂಟಕ್ಕೇ ಮಲಗಿದೆ, ನಿದ್ದೆ ಹತ್ತಿದ್ದು ಹನ್ನೊಂದಕ್ಕೆ. ಮೇಲಿನ ಮನೆಯಲ್ಲಿ ಟಿವಿ, ಕೆಳಗೆ ನಾಯಿ, ಇವೆಲ್ಲ ಡ್ಯೂಟಿ ಪಟ್ಟಿ ಮಾಡುವ ಯಾವ ರೋಸ್ಟರ್ ಸಾಫ್ಟ್‌ವೇರ್‌ಗೂ ಗೊತ್ತಿರಲ್ಲ. ಅದರ ಲೆಕ್ಕದಲ್ಲಿ ನನಗೆ ಪೂರಾ ವಿಶ್ರಾಂತಿ ಸಿಕ್ಕಿತ್ತು.

ದೆಹಲಿಯಲ್ಲಿ ಮಂಜು. ಸುತ್ತಿ ಸುತ್ತಿ ಕೊನೆಗೆ ಜೈಪುರಕ್ಕೆ ಡೈವರ್ಟ್ ಆದೆವು. ಅಲ್ಲಿ ಮೂರೂವರೆ ಗಂಟೆ ಕಾಕ್‌ಪಿಟ್‌ನಲ್ಲೇ ಕೂತಿದ್ದೆವು. ಅದನ್ನು ಯಾರೂ ವಿಶ್ರಾಂತಿ ಅನ್ನಬಾರದು, ಹಿಂದೆ 180 ಜನ ಇರ್ತಾರೆ, ಐದು ನಿಮಿಷಕ್ಕೊಮ್ಮೆ ಯಾರಾದರೂ ಬಂದು ಎಷ್ಟೊತ್ತು ಅಂತ ಕೇಳ್ತಿರ್ತಾರೆ, ಎಟಿಸಿ, ಅಂದರೆ ವಿಮಾನ ಸಂಚಾರ ನಿಯಂತ್ರಣದವರು, ಒಂದು ಟೈಮ್ ಕೊಡುತ್ತೆ, ಅದನ್ನೇ ಅನೌನ್ಸ್ ಮಾಡ್ತೀವಿ, ಆಮೇಲೆ ಆ ಟೈಮೂ ಮುಂದಕ್ಕೆ ಹೋಗುತ್ತೆ. ಅಂತೂ ದೆಹಲಿ ಮುಟ್ಟಿ, ಅಲ್ಲಿಂದ ಅಹಮದಾಬಾದ್‌ಗೆ ಇಳಿಯುವಾಗ ಸಂಜೆ ನಾಲ್ಕೂವರೆ ಹತ್ತಿರ. ಇಳಿಯುವಾಗ ಎಟಿಸಿ ಆರು ಸಾವಿರ ಅಡಿಗೆ ಬನ್ನಿ ಅಂತು. ನಾನು ಎಂಟು ಸಾವಿರ ಅಂತ ವಾಪಸ್ ಹೇಳಿದೆ. ಪಕ್ಕದಲ್ಲಿದ್ದ ಕ್ಯಾಪ್ಟನ್ ನನ್ನ ಕಡೆ ನೋಡಿ, ಮೈಕ್ ಒತ್ತಿ ತಾವೇ ಸರಿ ಮಾಡಿದರು. ಇನ್ನೆರಡು ನಿಮಿಷಕ್ಕೆ ಕೊಟ್ಟ ಫ್ರೀಕ್ವೆನ್ಸಿಯನ್ನೂ ತಪ್ಪು ಬರೆದುಕೊಂಡೆ. ಏನೂ ಆಗಲಿಲ್ಲ. ವಿಮಾನ ಇಳಿಯಿತು, ಜನ ಇಳಿದರು.

ಅಷ್ಟರಲ್ಲಿ ಕ್ಯಾಪ್ಟನ್‌ಗೆ ಕ್ರೂ ಕಂಟ್ರೋಲ್‌ನಿಂದ, ಅಂದರೆ ನಮ್ಮ ಡ್ಯೂಟಿ ನೋಡಿಕೊಳ್ಳುವ ಕಂಪನಿಯ ವಿಭಾಗದಿಂದ, ಫೋನು. ಇನ್ನೊಂದು ಸೆಕ್ಟರ್ ಉಳಿದಿದೆ, ನಿಮ್ಮ ಡ್ಯೂಟಿ ಲಿಮಿಟ್ ದಾಟುತ್ತೆ, ಸ್ವಲ್ಪ ಎಕ್ಸ್‌ಟೆಂಡ್ ಮಾಡಿಕೊಳ್ಳಿ ಸರ್, ಅಂತ. ರೂಲಿನಲ್ಲಿ ಹಾಗೆ ಅವಕಾಶ ಇದೆ: ಮುಂಚೆ ಗೊತ್ತಿರದ ತೊಂದರೆ ಬಂದರೆ ಕ್ಯಾಪ್ಟನ್ ತನ್ನ ವಿವೇಚನೆಯಿಂದ ಡ್ಯೂಟಿ ಅವಧಿ ಹೆಚ್ಚಿಸಬಹುದು. ವಿವೇಚನೆ ಕ್ಯಾಪ್ಟನ್‌ದು ಅಂತ ಬರೆದಿದೆ, ಆದರೆ ಫೋನಿನ ಆ ಕಡೆಯವರ ದನಿಯಲ್ಲಿ ಅದು ಆಗಲೇ ತೀರ್ಮಾನ ಆಗಿರುತ್ತೆ.

ನಮ್ಮ ಕ್ಯಾಪ್ಟನ್ ಧಾರವಾಡದ ಕಡೆಯವರು. ಫೋನಿಗೆ ಕೈ ಅಡ್ಡ ಹಿಡಿದು ನನಗೆ ಹೇಳಿದರು: "ತಮ್ಮಾ, ಟಾಯ್ಲೆಟ್‌ಗೆ ಹೋಗಿ ಕನ್ನಡ್ಯಾಗ ನಿನ್ನ ಕಣ್ಣ ನೋಡ್ಕೊಂಡ ಬಾ." ಹೋಗಿ ನೋಡಿಕೊಂಡೆ. ಕೆಂಪಗಾಗಿದ್ದವು, ಅದಕ್ಕಿಂತ ಜಾಸ್ತಿ ಏನಂದರೆ, ಮುಖ ತೊಳೆಯೋಕೆ ನಲ್ಲಿ ಬಿಟ್ಟು ಸುಮ್ನೆ ನಿಂತಿದ್ದೆ, ಎಷ್ಟು ಹೊತ್ತು ಅಂತ ಗೊತ್ತಾಗಲಿಲ್ಲ. ವಾಪಸ್ ಬಂದು "ಸರ್, ಆಗುತ್ತೆ, ಹೋಗೋಣ" ಅಂದೆ. ಹೌದು, ಹಾಗೇ ಅಂದೆ. ಅವರು ಫೋನಿನಲ್ಲಿ "ನಾವಿಬ್ಬರೂ ಫಿಟ್ ಇಲ್ಲ, ಬೇರೆ ಕ್ರೂ ನೋಡಿ" ಅಂತ ಹೇಳಿ ಇಟ್ಟರು. ಆಮೇಲೆ ನನಗೆ: "ನೀ ಆಗತೈತಿ ಅಂದಿದ್ದಕ್ಕ ನನಗ ಖಾತ್ರಿ ಆತು ನೋಡ, ಇವಂಗ ಆಗಂಗಿಲ್ಲ ಅಂತ."

ಆ ರಾತ್ರಿ ಅಹಮದಾಬಾದ್ ಗೇಟ್‌ನಲ್ಲಿ ಪ್ರಯಾಣಿಕರು ಬೈದಿದ್ದನ್ನು ಬರೆಯಲ್ಲ. ಅವರ ತಪ್ಪೂ ಅಲ್ಲ.

ಮುಂದೆ ಆಗಿದ್ದೇ ನನಗೆ ಪಾಠ. ಕ್ಯಾಪ್ಟನ್ ಮೇಲೆ ಯಾರೂ ಕ್ರಮ ತಗೊಳ್ಳಲಿಲ್ಲ. ಒಂದು ಮೆಮೋ ಇಲ್ಲ, ಒಂದು ಮೇಲ್ ಇಲ್ಲ. ಒಂದು ದಿನ ಆಫೀಸಿಗೆ ಕರೆಸಿ ಟೀ ಕೊಟ್ಟು "ಕಂಪನಿಯ ಕಷ್ಟವನ್ನೂ ಸ್ವಲ್ಪ ಅರ್ಥ ಮಾಡ್ಕೊಳ್ಳಿ" ಅಂದರಂತೆ. ಮುಂದಿನ ತಿಂಗಳ ರೋಸ್ಟರ್ ಬಂತು. ಅವರಿಗೆ ಬರೀ ರಾತ್ರಿ ಸ್ಟ್ಯಾಂಡ್‌ಬೈ, ಅಂದರೆ ಕರೆದರೆ ಹೊರಡೋಕೆ ರೆಡಿ ಇದ್ದು ಕಾಯೋದು. ಹಾರಾಟದ ಗಂಟೆ ಕಡಿಮೆ ಆದರೆ ಅಲೋವನ್ಸ್ ಕಡಿಮೆ. ಮಗಳ ಪರೀಕ್ಷೆಗೆ ಅಂತ ಕೇಳಿದ್ದ ರಜೆ ಇಲ್ಲ. ಅದರ ಮುಂದಿನ ತಿಂಗಳೂ ಹಾಗೇ. ಇದನ್ನು ಯಾವ ಕೋರ್ಟಿನಲ್ಲಿ ಶಿಕ್ಷೆ ಅಂತ ಸಾಬೀತು ಮಾಡ್ತೀರಿ? ರೋಸ್ಟರ್ ಕಂಪ್ಯೂಟರ್ ಮಾಡೋದು, ಅಲ್ವಾ!

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಒಂದು ಪತ್ರದ ಕರಡು ಹಾಕಿದರು. ಎಲ್ಲರೂ ಸಹಿ ಹಾಕಿ ಕೊಡೋಣ ಅಂತ. ನಲವತ್ತಕ್ಕೂ ಜಾಸ್ತಿ ಜನ ಹೆಬ್ಬೆರಳು ಎತ್ತಿದರು. ಸಹಿ ಹಾಕಿದವರು ಮೂರು ಜನ. ನಾನು ಆ ಮೂವರಲ್ಲಿ ಇರಲಿಲ್ಲ. ಯಾರ ಕಣ್ಣು ನೋಡಿ ಅವರು ಫೋನ್ ಇಟ್ಟರೋ, ಆ ನಾನೇ ಇರಲಿಲ್ಲ.

ಯಾಕೆ ಅಂತ ಹೇಳ್ತೀನಿ, ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. "ಲಕ್ಷಗಟ್ಟಲೆ ಸಂಬಳ ತಗೊಳ್ಳೋರಿಗೆ ಯಾತಕ್ಕೆ ಹೆದರಿಕೆ" ಅಂತ ಕೇಳ್ತಾರೆ. ಲೈಸೆನ್ಸ್‌ಗೆ 200 ಗಂಟೆ ಹಾರಬೇಕು, ಆ ಖರ್ಚು ನಮ್ಮದು. ಅದಾದ ಮೇಲೆ ಟೈಪ್ ರೇಟಿಂಗ್, ಅಂದರೆ ಇಂಥದ್ದೇ ಮಾದರಿಯ ವಿಮಾನ ಹಾರಿಸೋಕೆ ತರಬೇತಿ. ನನ್ನ ಓದಿಗೆ ಅಪ್ಪನ ರಿಟೈರ್‌ಮೆಂಟ್ ದುಡ್ಡು ಹೋಗಿ, ಊರ ಸೈಟು ಬ್ಯಾಂಕಿನಲ್ಲಿ ಅಡ ಕೂತಿತ್ತು. ಏರ್‌ಬಸ್ ಹಾರಿಸುವವನು ನಾಳೆ ಬೆಳಗ್ಗೆ ಹೋಗಿ ಬೋಯಿಂಗ್ ಹಾರಿಸೋಕೆ ಆಗಲ್ಲ. ಕೆಲಸ ಬಿಡ್ತೀನಿ ಅಂದರೆ 2017ರಿಂದ ರೂಲ್ ಏನಿದೆ ಗೊತ್ತಾ, ಕ್ಯಾಪ್ಟನ್ ಒಂದು ವರ್ಷ ನೋಟಿಸ್ ಕೊಡಬೇಕು, ಕೋ-ಪೈಲಟ್ ಆರು ತಿಂಗಳು. ಐಟಿಯಲ್ಲಿರುವ ನಮ್ಮ ಭಾವ ಮೂರು ತಿಂಗಳ ನೋಟಿಸ್‌ಗೇ ಗೋಳಾಡ್ತಾರೆ. ಬೇರೆ ಏರ್‌ಲೈನ್‌ಗೆ ಹೋದರೆ ಸೀನಿಯಾರಿಟಿ ಪಟ್ಟಿಯ ಬುಡದಿಂದ ಶುರು. ಹೀಗೆ ಕಾಲು ಕಟ್ಟಿಕೊಂಡಿರುವ ಮನುಷ್ಯ ಒಬ್ಬನೇ ನಿಂತು "ಆಗಲ್ಲ" ಅನ್ನೋದು ಕಷ್ಟ. ಸಂಬಳ ಜಾಸ್ತಿ ಇದ್ದಷ್ಟೂ ಇಎಂಐ ಜಾಸ್ತಿ, ಹೆದರಿಕೆಯೂ ಜಾಸ್ತಿ.

ಊರಿಗೆ ಹೋದಾಗ ಅಪ್ಪನ ಹತ್ತಿರ ಇದನ್ನೆಲ್ಲ ಹೇಳಿದೆ. ಅವರಿಗೆ ಆಶ್ಚರ್ಯ ಆಗಲೇ ಇಲ್ಲ. ಅವರ ಕಾಲದಲ್ಲಿ ಡಬಲ್ ಡ್ಯೂಟಿ ಬೇಡ ಅಂದ ಡ್ರೈವರ್‌ಗೆ ಮಾರನೇ ವಾರ ಘಟ್ಟದ ರೂಟಿನ ಹಳೇ ಬಸ್ಸು ಸಿಗುತ್ತಿತ್ತಂತೆ. "ಒಬ್ಬ ಹೇಳಿದ್ರೆ ಸೊಕ್ಕು ಅಂತಾರೆ ಕಣೋ. ಡಿಪೋದವರೆಲ್ಲ ಹೇಳಿದ್ರೆ ಟೇಬಲ್ ಹಾಕಿ ಕೂರಿಸಿ ಮಾತಾಡ್ತಾರೆ" ಅಂದರು.

ದಣಿವು ಅನ್ನೋದು ನಮ್ಮ ರಾಜ್ಯಕ್ಕೆ ಹೊಸ ವಿಷಯ ಏನಲ್ಲ. 2010ರ ಮೇ 22, ಮಂಗಳೂರಿನ ಬಜ್ಪೆ. ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ನಾನು ಟ್ರೈನಿಂಗ್‌ನಲ್ಲಿ ಆ ತನಿಖಾ ವರದಿ ಓದಿದ್ದೇನೆ. ಕ್ಯಾಪ್ಟನ್ ಹಾರಾಟದ ಬಹುಪಾಲು ನಿದ್ದೆಯಲ್ಲಿದ್ದರು, ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಗೊರಕೆ ಕೇಳುತ್ತೆ. ವಿಮಾನ ಜಾಸ್ತಿ ಎತ್ತರದಲ್ಲಿ ಬರ್ತಿತ್ತು, ಪಕ್ಕದ ಕೋ-ಪೈಲಟ್ ಗೋ ಅರೌಂಡ್, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರೋಣ ಅಂತ, ಮೂರು ಸಲ ಹೇಳಿದ್ದರು. ಇಳಿಯುವ ಪ್ರಯತ್ನ ಬಿಡದೇ ಇದ್ದದ್ದೇ ಮುಖ್ಯ ತಪ್ಪು ಅಂತ ವರದಿ ಹೇಳುತ್ತೆ. ನಿದ್ದೆಯಿಂದ ಆಗತಾನೆ ಎದ್ದ ಮಂಪರೂ ಅದಕ್ಕೆ ಸೇರಿತ್ತು ಅಂತಲೂ ಹೇಳುತ್ತೆ. ಬಸ್ಸಿನಲ್ಲಾದರೆ ಕಂಡಕ್ಟರ್ ಬಂದು ಬಾನೆಟ್ ಮೇಲೆ ಕೂತು ಡ್ರೈವರ್ ಜೊತೆ ಮಾತಾಡ್ತಾ ಇರ್ತಾನೆ. ನಮ್ಮ ಬಾಗಿಲು ಒಳಗಿನಿಂದ ಲಾಕ್.

ಹಾಗಂತ ಯೂನಿಯನ್ ಅಂದರೆ ದೇವರು ಅಂತ ನಾನು ಹೇಳಲ್ಲ. ಈ ಮಾತು ಬಂದಾಗೆಲ್ಲ ನಮ್ಮ ಸೀನಿಯರ್‌ಗಳು 2012 ಅಂತ ಬೆರಳು ತೋರಿಸ್ತಾರೆ. 2007ರಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಎರಡೂ ಒಂದಾದವು. ಪೈಲಟ್‌ಗಳು ಮಾತ್ರ ಒಂದಾಗಲಿಲ್ಲ. ಈ ಕಡೆಯವರಿಗೆ ಒಂದು ಸಂಘ, ಆ ಕಡೆಯವರಿಗೆ ಇನ್ನೊಂದು. 2011ರಲ್ಲಿ ಇಂಡಿಯನ್ ಏರ್‌ಲೈನ್ಸ್ ಕಡೆಯ ಸಂಘ ಸಮಾನ ಸಂಬಳ ಕೇಳಿ ಹತ್ತು ದಿನ ಮುಷ್ಕರ ಮಾಡಿತು. 2012ರಲ್ಲಿ ಏರ್ ಇಂಡಿಯಾ ಕಡೆಯ ಸಂಘದ ಸರದಿ. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿಯನ್ನು ಇಂಡಿಯನ್ ಏರ್‌ಲೈನ್ಸ್ ಕಡೆಯವರಿಗೂ ಹಂಚಬಾರದು ಅಂತ ಶುರುವಾಗಿ 58 ದಿನ ನಡೆಯಿತು. ಹೈಕೋರ್ಟ್ ಅಕ್ರಮ ಅಂತು, ಸಂಘದ ಮಾನ್ಯತೆ ಹೋಯಿತು, ಸುಮಾರು ನೂರು ಜನರ ಕೆಲಸ ಹೋಯಿತು. ಅಂದರೆ ಪೈಲಟ್ ವಿರುದ್ಧ ಪೈಲಟ್. ಜನರಿಗೆ ನೆನಪಿರೋದು ಮಾತ್ರ ಕ್ಯಾನ್ಸಲ್ ಆದ ಟಿಕೆಟ್ಟು.

ಅದರಲ್ಲಿ ನನಗೆ ಇವತ್ತಿಗೂ ಇಷ್ಟ ಆಗದ್ದು ಸಾಮೂಹಿಕ ಸಿಕ್ ಲೀವ್. 2009ರಲ್ಲೂ ಅದೇ ಆಯ್ತು. ಒಂದು ದೊಡ್ಡ ಖಾಸಗಿ ಏರ್‌ಲೈನ್‌ನಲ್ಲಿ ಪೈಲಟ್‌ಗಳು ಸಂಘ ಕಟ್ಟಿದರು, ಅದರ ಇಬ್ಬರನ್ನು ಕಂಪನಿ ತೆಗೆದುಹಾಕಿತು, ಸೆಪ್ಟೆಂಬರ್‌ನಲ್ಲಿ ನೂರಾರು ಜನ ಒಟ್ಟಿಗೆ "ಹುಷಾರಿಲ್ಲ" ಅಂತ ಮನೆಯಲ್ಲಿ ಕೂತರು. ಕಾರಣ ನನಗೆ ಅರ್ಥ ಆಗುತ್ತೆ. ಆದರೆ ಹುಷಾರಿಲ್ಲ ಅನ್ನುವ ಮಾತನ್ನು ಹೀಗೆ ಖರ್ಚು ಮಾಡಿದರೆ, ನಿಜವಾಗಿ ಜ್ವರ ಬಂದವನನ್ನು ಯಾರು ನಂಬ್ತಾರೆ? ಅಹಮದಾಬಾದ್‌ನಲ್ಲಿ ಫಿಟ್ ಇಲ್ಲ ಅಂದ ನಮ್ಮ ಕ್ಯಾಪ್ಟನ್‌ನ ಫೋನಿನ ಆ ಕಡೆಯವರು ನಂಬದೇ ಇರೋಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತೆ.

ಆದರೂ ನಾನು ಸದಸ್ಯ ಆದೆ. ಎಲ್ಲಾ ಏರ್‌ಲೈನ್‌ನವರೂ ಸೇರಬಹುದಾದ ಒಂದು ಸಂಘ, ನಮ್ಮ ಕಂಪನಿ ಅದಕ್ಕೆ ಮಾನ್ಯತೆ ಕೊಟ್ಟಿಲ್ಲ. ಮನಸ್ಸು ಬದಲಾಯಿಸಿದ್ದು ನಿದ್ದೆಯ ರೂಲಿನ ಕಥೆ. 2024ರ ಜನವರಿಯಲ್ಲಿ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಹೊಸ ನಿಯಮ ತಂದಿತು: ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ, ರಾತ್ರಿ ಅಂದರೆ ಬೆಳಗಿನ ಐದರ ಬದಲು ಆರರವರೆಗೆ, ರಾತ್ರಿ ಲ್ಯಾಂಡಿಂಗ್ ಆರು ಸಲದಿಂದ ಎರಡು ಸಲಕ್ಕೆ. ಜೂನ್ ಒಂದರಿಂದ ಜಾರಿ ಅಂದರು. ಏರ್‌ಲೈನ್‌ಗಳು ಆಗಲ್ಲ ಅಂದವು, ಮುಂದಕ್ಕೆ ಹೋಯಿತು. ಆಗ ದೆಹಲಿ ಹೈಕೋರ್ಟ್‌ನಲ್ಲಿ ಅದನ್ನು ಹಿಡಿದು ಎಳೆದದ್ದು ಪೈಲಟ್ ಸಂಘಗಳು. ಕೊನೆಗೆ 2025ರ ಜುಲೈ 1 ಮತ್ತು ನವೆಂಬರ್ 1, ಎರಡು ಕಂತಿನಲ್ಲಿ ಜಾರಿ ಆಯಿತು. ನನ್ನಂಥ ಒಬ್ಬ ಫಸ್ಟ್ ಆಫೀಸರ್ ಇಎಂಐ ಕಟ್ಟಿಕೊಂಡು ಆ ಕೇಸು ನಡೆಸ್ತಿದ್ದನಾ? ವಕೀಲರ ಒಂದು ದಿನದ ಫೀಸಿಗೇ ಸೈಟು ಹೋಗಿರ್ತಿತ್ತು.

2025ರ ಡಿಸೆಂಬರ್‌ನಲ್ಲಿ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ದೇಶದ ಅತಿ ದೊಡ್ಡ ಏರ್‌ಲೈನ್‌ನ ವಿಮಾನಗಳು ಸಾವಿರಗಟ್ಟಲೆ ರದ್ದಾದವು. ಸರ್ಕಾರ ಅವರಿಗೆ ರಾತ್ರಿ ನಿಯಮದಿಂದ ಸ್ವಲ್ಪ ಕಾಲ ವಿನಾಯಿತಿ ಕೊಟ್ಟಿತು. ನಮ್ಮ ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ಒಬ್ಬ ಆಂಟಿ, ಪಾಪ ಅವರ ತಂಗಿ ಮಗಳ ಮದುವೆ ತಪ್ಪಿಹೋಗಿತ್ತು, "ನಿಮ್ಮೋರಿಗೆಲ್ಲ ರೆಸ್ಟ್ ಜಾಸ್ತಿ ಆಯ್ತಂತಲ್ಲಪ್ಪ" ಅಂದರು. ಸುಮಾರು ಎರಡು ವರ್ಷ ಮೊದಲೇ ಗೊತ್ತಿದ್ದ ರೂಲಿಗೆ ಜನ ಸೇರಿಸಿಕೊಳ್ಳಬೇಕಿತ್ತು ಆಂಟಿ ಅನ್ನೋಕೆ ಹೋದೆ. ನಾಲ್ಕನೇ ಮಹಡಿ ಬಂತು, ಅವರು ಇಳಿದರು.

ಈಗ ನಾನೇ ಕ್ಯಾಪ್ಟನ್. ಆ ಧಾರವಾಡದ ಸಾಹೇಬರು ಗಲ್ಫ್‌ನ ಒಂದು ಕಂಪನಿಗೆ ಹೋಗಿ ವರ್ಷಗಳಾದವು. ಪತ್ರಕ್ಕೆ ಸಹಿ ಹಾಕದ್ದಕ್ಕೆ ನಾನು ಅವರಿಗೆ ಕ್ಷಮೆ ಕೇಳಿದ್ದು ಬಹಳ ತಡವಾಗಿ, ಒಂದು ಮೆಸೇಜಿನಲ್ಲಿ. ಅವರು "ಇರ್ಲಿ ಬಿಡ ತಮ್ಮಾ, ಸೈಟ್ ಬಿಡಿಸಿದೇನ?" ಅಂತ ಬರೆದರು. ಸೈಟಿನ ವಿಷಯ ಅವರಿಗೆ ಯಾವಾಗ ಹೇಳಿದ್ದೆನೋ ನೆನಪಿಲ್ಲ. ಜೈಪುರದಲ್ಲಿ ಕೂತಾಗ ಇರಬೇಕು.

ಹೋದ ತಿಂಗಳು ಕೋಲ್ಕತಾದಲ್ಲಿ, ರಾತ್ರಿ ಒಂದು ಗಂಟೆ, ಲೇಟಾದ ಇನ್ನೊಂದು ಸೆಕ್ಟರ್. ಪಕ್ಕದಲ್ಲಿ ಹೊಸ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳು. ಕೇಳಿದೆ. "ಆಗುತ್ತೆ ಸರ್" ಅಂದಳು, ನನ್ನ ಮುಖ ನೋಡದೆ. ನಾನು ಕ್ರೂ ಕಂಟ್ರೋಲ್‌ಗೆ ಫೋನ್ ಮಾಡಿ ಆಗಲ್ಲ ಅಂದೆ. ಆಮೇಲೆ ಸಂಘದ ಸುರಕ್ಷತಾ ಸಮಿತಿಯವರಿಗೆ ಒಂದು ಮೆಸೇಜ್ ಹಾಕಿದೆ: ಟೈಮ್ ಇಷ್ಟು, ಎದ್ದದ್ದು ಇಷ್ಟಕ್ಕೆ, ಫೋನ್ ಮಾಡಿದವರು ಹೇಳಿದ್ದು ಇದು. ಎರಡು ನಿಮಿಷದಲ್ಲಿ ಉತ್ತರ ಬಂತು, "ಬರೆದುಕೊಂಡಿದ್ದೇವೆ, ಮುಂದಿನ ಮೂರು ತಿಂಗಳ ರೋಸ್ಟರ್ ಕಳಿಸ್ತಾ ಇರಿ, ಇಬ್ಬರದೂ." ಅದನ್ನು ಅವಳಿಗೂ ತೋರಿಸಿದೆ. ಹೋಟೆಲ್ ವ್ಯಾನ್‌ನಲ್ಲಿ ಕೂತ ಮೂರನೇ ನಿಮಿಷಕ್ಕೆ ಅವಳ ತಲೆ ಕಿಟಕಿಗೆ ವಾಲಿತ್ತು.